ಅರ್ಧಕ್ಕಿಳಿದ ಪಿಎಸ್‌ಎ

ಸ್ಪಿರಿಟ್ ಅದ್ದಿದ ಹತ್ತಿಯ ವಾಸನೆ ಬಂದರೆ ಜಯಲಕ್ಷ್ಮಿಗೆ ಮೈಸೂರಿನ ಬಾಲ್ಯ ನೆನಪಾಗುತ್ತಿತ್ತು. ಸೂಜಿ ಚುಚ್ಚಿದ ಮೇಲೆ ಕಾಂಪೌಂಡರ್ ಮಾಮ ಅಂಗೈಗೆ ಪೆಪ್ಪರ್‌ಮಿಂಟ್ ಇಡುತ್ತಿದ್ದರು. ಆ ಬೆಳಗ್ಗೆ ಪಟ್ಟಂ ಬಡಾವಣೆಯ ಅವಳ ಫ್ಲ್ಯಾಟಿಗೆ ಅದೇ ವಾಸನೆ ಹೊತ್ತು ಬಂದವಳು ಮೇಲಿನ ಮನೆಯ ಸುಪ್ರೀತಾ. ತನ್ನ ಶುಗರ್ ಪರೀಕ್ಷೆಗೆ ರಕ್ತ ಕೊಟ್ಟು, ಗಂಡ ಹಯವದನನ ವರದಿ ಹಿಡಿದು ಬಂದಿದ್ದಳು.

"ಮಾಚಯ್ಯಣ್ಣ, ಇವರ ಪ್ರೊಸ್ಟೇಟ್ ರಕ್ತಪರೀಕ್ಷೆ, ಪಿಎಸ್‌ಎ, ಹೋದ ವರ್ಷ ನಾಲ್ಕಿತ್ತು. ಈಗ ಎರಡು! ಇನ್ನು ಡಾಕ್ಟರೇ ಬೇಡ ಅಂತ ಒಬ್ಬಟ್ಟು ಹಂಚ್ತಿದಾರೆ. ಮಾವನವರು ಪ್ರೊಸ್ಟೇಟ್ ಕ್ಯಾನ್ಸರಲ್ಲೇ ಹೋದ್ರು. ನಂಗೆ ಭಯ."

ಜಯಲಕ್ಷ್ಮಿಯ ಗಂಡ ಮಾಚಯ್ಯ, ಬಾಹ್ಯಾಕಾಶ ಕೇಂದ್ರದ ಭದ್ರತಾ ವಿಭಾಗದಿಂದ ನಿವೃತ್ತರಾದವರು, ಕನ್ನಡಕ ಏರಿಸಿದರು. "ಲ್ಯಾಬಲ್ಲಿ ಅದಲುಬದಲಾಗಿರಬಹುದಾ?"

"ಇನ್ನೊಂದು ಲ್ಯಾಬಲ್ಲೂ ಎರಡೇ ಬಂತು."

"ಹಾಗಾದ್ರೆ ಲ್ಯಾಬು ನಿರಪರಾಧಿ. ವರ್ಷದಲ್ಲಿ ಹೊಸದೇನು?"

"ಏನಿಲ್ಲ. ವಿಟಮಿನ್ ಮಾತ್ರೆ ತಗೋತಾರೆ. ವಲ್ಲಾರ್ಪಾಡಂ ಬಂದರಲ್ಲಿ ಆಫೀಸಿನ ಕೆಲಸ ಅಂತ ತಿಂಗಳಿಗೊಮ್ಮೆ ಕೊಚ್ಚಿಗೆ ಹೋಗ್ತಾರೆ. ರಕ್ತದಾನಕ್ಕೆ ಯಾವಾಗ್ಲೂ ಮೊದಲು ನಿಲ್ಲೋರು, ಈ ಸಲ ತಪ್ಪಿಸ್ಕೊಂಡ್ರು."

"ರೀ, ಮೊನ್ನೆ ಹಯವದನ ಅವರು ಲಿಫ್ಟಿನ ಕನ್ನಡಿ ಮುಂದೆ ತಲೆ ಬಾಚ್ಕೋತಿದ್ರು," ಎಂದಳು ಜಯಲಕ್ಷ್ಮಿ. "ಯಾವಾಗ್ಲೂ ತಲೆ ಮೇಲಿರ್ತಿದ್ದ ಟೋಪಿ ಕಂಡೇ ಎಷ್ಟೋ ದಿನ ಆಯ್ತು."

ಮಾಚಯ್ಯ ನಕ್ಕರು. "ಸಂಜೆ ಇಬ್ಬರೂ ಬನ್ನಿ."

ಸಂಜೆ ಎಲ್ಲರೂ ಕೂತಾಗ, ಅಕ್ಕಪಕ್ಕದವರಿಗೆ ಕೇಳದಿರಲೆಂದು ಜಯಲಕ್ಷ್ಮಿ ಮೆಲ್ಲಗೆ ಬಾಗಿಲು ಮುಚ್ಚಿದಳು.

"ಹಯವದನ, ಲೆಕ್ಕಪತ್ರ ವಿಭಾಗದವನಿಗೆ ಬಂದರಲ್ಲಿ ಏನಪ್ಪಾ ಕೆಲಸ?" ಎಂದರು ಮಾಚಯ್ಯ. "ಕೂದಲಿಗೆ ಅಂತ ಒಂದು ಮಾತ್ರೆ ಇದೆ. ತಿಂಗಳುಗಟ್ಟಲೆ ತಿಂದ್ರೆ ಪಿಎಸ್‌ಎ ಸುಮಾರು ಅರ್ಧಕ್ಕಿಳಿಯುತ್ತೆ. ತಿನ್ನೋರು ರಕ್ತದಾನ ಮಾಡೋ ಹಾಗಿಲ್ಲ. ಅದಕ್ಕೇ ನೀನು ಕ್ಯಾಂಪ್ ತಪ್ಪಿಸಿದ್ದು. ಟೋಪಿ ಹೋಯ್ತು, ಬಾಚಣಿಗೆ ಬಂತು. ಕೊಚ್ಚಿಯಲ್ಲಿ ನೀನು ನೋಡ್ತಿರೋದು ಹಡಗಲ್ಲ, ಚರ್ಮದ ಡಾಕ್ಟರನ್ನ. ಸರಿನಾ?"

ಹಯವದನ ನೆತ್ತಿ ಸವರಿಕೊಂಡ. "ಮಗಳ ಮದುವೆ ಫೋಟೋಗೆ ಅಂತ... ಇಲ್ಲಿನ ಡಾಕ್ಟರು ಬೇರೆ ಮಾತ್ರೆ ಏನಾದ್ರೂ ಉಂಟಾ ಅಂತ ಕೇಳಿದಾಗ ನಾಚಿಕೆಯಾಗಿ ವಿಟಮಿನ್ ಅಂದ್ಬಿಟ್ಟೆ."

"ಅಯ್ಯೋ, ಕೊಚ್ಚೀಲಿ ಇನ್ಯಾರೋ ಇದಾರೆ ಅಂದ್ಕೊಂಡಿದ್ದೆ!" ಸುಪ್ರೀತಾ ಕಣ್ಣೊರೆಸಿಕೊಂಡು ನಕ್ಕಳು. ತಕ್ಷಣ ನಗು ನಿಂತಿತು. "ಹಾಗಾದ್ರೆ ಈ ಎರಡು?"

"ಡಾಕ್ಟರು ಅದನ್ನ ನಾಲ್ಕು ಅಂತಲೇ ಓದಬಹುದು. ನಾಲ್ಕು ಅಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ. ಆದ್ರೆ ಅವರಿಗೆ ನಿಜ ಗೊತ್ತಿರಬೇಕು."

"ನಾಳೆಯೇ ಹೋಗಿ ಹೇಳ್ತೀನಿ," ಎಂದ ಹಯವದನ. "ಮಾತ್ರೇನೂ ತೋರಿಸ್ತೀನಿ."

ಮರುದಿನ ಹಾಲು ತರಲು ಹೊರಟ ಜಯಲಕ್ಷ್ಮಿ ಮೆಟ್ಟಿಲಲ್ಲೇ ನಿಂತಳು. ಲಿಫ್ಟಿನೆದುರು ಹಯವದನ, ಶರ್ಟಿನ ಜೇಬಿನಿಂದ ಮಾತ್ರೆಯ ಸ್ಟ್ರಿಪ್ ಇಣುಕುತ್ತಿತ್ತು. ಸುಪ್ರೀತಾ ಹಿಂದಿನಿಂದ ಬಂದು ಬಿಸಿ ಚಿತ್ರಾನ್ನದ ಡಬ್ಬಿಯನ್ನು ಅವನ ಕೈಗಿಟ್ಟಳು.