ಸೋಮವಾರದವರೆಗೆ ಮೌನ

ಬೈಟೂ ಕಾಫಿಯಲ್ಲಿ ಯಾವ ಲೋಟಕ್ಕೆ ಒಂದು ಗುಟುಕು ಹೆಚ್ಚು ಬಿತ್ತು ಎಂಬುದು ಗಾಂಧಿಬಜಾರಿನ ಮಟ್ಟಿಗೆ ಸಾಮಾನ್ಯ ಸಂಗತಿಯಲ್ಲ. ಇದರ ಮೇಲೆ ಹಳೆಯ ಸ್ನೇಹಗಳು ಮುರಿದಿವೆ, ವಿದ್ವಾಂಸರು ಎರಡು ಪಂಗಡವಾಗಿದ್ದಾರೆ. ಹೀಗಿರುವಾಗ, ಆ ಗುರುವಾರ ಸಂಜೆ ರಾಘವ ಎರಡೂ ಲೋಟಗಳನ್ನು ಕಣ್ಣಲ್ಲೇ ತೂಗಿ, ಹೆಚ್ಚಿದ್ದುದನ್ನು ಚೈತನ್ಯಾಳ ಕಡೆ ಸರಿಸಿದ.

ಅವಳಿಗೆ ಒಳಗೊಳಗೇ ತೀರ್ಮಾನವಾಗಿಹೋಯಿತು. ಇವನೇ...

ಜಾತಕ ಕೂಡಿ, ಹಿರಿಯರು ಒಪ್ಪಿ, ಇನ್ನು ಇಬ್ಬರೇ ಮಾತಾಡಿಕೊಳ್ಳಲಿ ಎಂದು ಕಳಿಸಿದ್ದ ಮೊದಲ ಭೇಟಿ ಅದು. ರಾಘವ ಬಸವನಗುಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮಲ್ಲೇಶ್ವರದ ಚೈತನ್ಯಾ ಚಿಪ್ ಉದ್ಯಮದ ಏಳುಬೀಳುಗಳನ್ನು ಅಳೆದು, ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ಹೂಡಿಕೆದಾರರಿಗೆ ವರದಿ ಬರೆಯುವವಳು.

ಅವನು ಕೆಲಸದ ಬಗ್ಗೆ ಕೇಳಿದ. ಅವಳು ಉತ್ಸಾಹದಿಂದ ಹೇಳಿದಳು. ಚಿಪ್‌ನೊಳಗಿನ ಗೆರೆಗಳು ಸಣ್ಣವಾಗುತ್ತಲೇ ಇವೆ, ಈಗ ಚಿಪ್ ಮೇಲೆ ಚಿಪ್ ಪೇರಿಸುತ್ತಾರೆ, ಮನುಷ್ಯರ ಬುದ್ಧಿ ಮಾತ್ರ ಹಳೆಯದೇ. ಕೊರತೆ ಎಂದೊಡನೆ ಎಲ್ಲರೂ ಬೇಕಾದ್ದರ ಎರಡರಷ್ಟು ಆರ್ಡರ್ ಹಾಕುತ್ತಾರೆ. ಅದನ್ನು ನಂಬಿ ಹೊಸ ಕಾರ್ಖಾನೆ ಕಟ್ಟುತ್ತಾರೆ. ಅದು ಎದ್ದು ನಿಲ್ಲುವ ಹೊತ್ತಿಗೆ ಗೋದಾಮು ತುಂಬಿ, ಬೆಲೆ ಬಿದ್ದಿರುತ್ತದೆ.

ಆಗ ರಾಘವ, ಅಪ್ಪ ವರದರಾಜರು ನಿವೃತ್ತಿಯ ಹಣದ ಅರ್ಧವನ್ನು ಒಂದು ಹೊಸ ಚಿಪ್ ಕಂಪನಿಗೆ ಹಾಕಲು ಹೊರಟಿದ್ದಾರೆಂದು ಹೇಳಿ, ಅದರ ಹೆಸರನ್ನೂ ಹೇಳಿದ.

"ಹಾಕ್ಬಹುದಾ?"

ಚೈತನ್ಯಾ ಲೋಟ ಕೆಳಗಿಟ್ಟಳು.

ಅದೇ ಕಂಪನಿ... 'ಮಾರಿ' ಎಂದು ಅವಳೇ ಬರೆದ ವರದಿ ಸೋಮವಾರ ಬೆಳಗ್ಗೆ ಹೊರಬರಲಿತ್ತು. ಅಲ್ಲಿಯವರೆಗೆ ಹೆತ್ತವರಿಗೂ ಸುಳಿವು ಕೊಡುವಂತಿಲ್ಲ, ಕೊಟ್ಟರೆ ಅಪರಾಧ. ಕೊಡದಿದ್ದರೆ ಇವನ ಮನೆಯ ಹಣ...

ಅವಳು ತಲೆ ತಗ್ಗಿಸಿದಳು.

ಹೆಣ್ಣು ತಲೆ ತಗ್ಗಿಸಿದರೆ ಒಪ್ಪಿಗೆ ಎಂದು ತಲೆಮಾರುಗಳಿಂದ ನಂಬಿದ ಮನೆತನ ರಾಘವನದು. ಭೌತಶಾಸ್ತ್ರದಿಂದ ಆ ನಂಬಿಕೆಗೆ ಪೆಟ್ಟೇನೂ ಬಿದ್ದಿರಲಿಲ್ಲ. ಅವನು ಸಮಾಧಾನದಿಂದ ನಕ್ಕ. ಆ ನಗು ಕಂಡು ಅವಳಿಗೆ ಗಾಬರಿಯಾಯಿತು. ಆದರೆ 'ಇದು ಒಪ್ಪಿಗೆ ಅಲ್ಲ' ಎಂದರೆ ಅದೂ ಸುಳಿವೇ.

ವರದರಾಜರು ಶುಕ್ರವಾರ ಷೇರು ಕೊಂಡರು. ಸೋಮವಾರ ವರದಿ ಬಂತು. ಸಂಜೆಯೊಳಗೆ ಷೇರಿನ ಬೆಲೆಯಲ್ಲಿ ಐದರಲ್ಲೊಂದು ಪಾಲು ಹೋಗಿತ್ತು.

ಮರುದಿನ ರಾಘವನ ತಾಯಿ ಚೂಡಾಮಣಿ ಫೋನ್ ಮಾಡಿ, ಲಗ್ನಪತ್ರಿಕೆ ಸದ್ಯಕ್ಕೆ ಬೇಡ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಇಂಥ ಮರ್ಯಾದೆಯ ಅರ್ಥ ಮಲ್ಲೇಶ್ವರದವರಿಗೆ ಬಿಡಿಸಿ ಹೇಳಬೇಕಿಲ್ಲ. ಚೈತನ್ಯಾ ಊಟ ಬಿಟ್ಟಳು.

ಸಂಜೆ ರಾಘವನೇ ಅವಳ ಮನೆಯ ಗೇಟಿನ ಬಳಿ ಬಂದು ನಿಂತ. ಒಳಗೆ ಕರೆದರೆ ಬರಲಿಲ್ಲ.

"ಆವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ನಾನು ಅಷ್ಟು ಹೊರಗಿನವನಾ?"

"ಹೊರಗಿನವರು ಕೇಳಿದ್ರೆ ಆ ಕಂಪನಿ ಬಗ್ಗೆ ಗೊತ್ತಿಲ್ಲ ಅಂತ ಸುಳ್ಳು ಹೇಳ್ತೀನಿ. ದಿನಾ ಹೇಳ್ತೀನಿ. ನಿಮ್ಮ ಹತ್ರ ಆಗ್ಲಿಲ್ಲ..."

ರಾಘವ ಹೊರಡಲು ತಿರುಗಿದ. ಅವಳು ಬಿಡಲಿಲ್ಲ.

"ಮನೇಲಿ ಏನಂತ ಹೇಳಿದ್ರಿ?"

"ಚೈತನ್ಯಾನೇ ಹಾಕಿ ಅಂದ್ಲು ಅಂತ."

"ನಾನು ಅಂದ್ನಾ?"

"ಇಲ್ಲ."

"ಹಾಗಾದ್ರೆ ಮೊದಲು ಹೋಗಿ ಅದನ್ನ ಹೇಳಿ. ಆಮೇಲೆ ನಾನು ಬೇಡ ಅನ್ನಿಸಿದ್ರೆ ಬೇಡ."

ಅವನು ಹೋದ. 'ಹೇಳುತ್ತಾನಾ? ಅಪ್ಪನ ಮುಂದೆ ಹೇಳುವಷ್ಟು ಧೈರ್ಯ ಇದೆಯಾ?' ಇಡೀ ಮರುದಿನ ಆಫೀಸಿನಲ್ಲಿ ಅವಳಿಗೆ ಒಂದು ಅಂಕಿಯೂ ಕಣ್ಣಿಗೆ ನಿಲ್ಲಲಿಲ್ಲ.

ಸಂಜೆ ಅವನು ಮತ್ತೆ ಬಂದ. ಈ ಸಲ ಗೇಟು ದಾಟಿ. ನಿಜ ಕೇಳಿ ವರದರಾಜರು ಮೊದಲು ಮಗನ ಮೇಲೆ, ಆಮೇಲೆ ಸರ್ಕಾರದ ಮೇಲೆ, ಕೊನೆಗೆ ಲೋಕಕ್ಕೆಲ್ಲ ಚಿಪ್ ಮಾಡಿಕೊಡುವ ತೈವಾನಿನ ಮೇಲೆ ಕೂಗಾಡಿ, ಬಾಯಿ ಕಟ್ಟಿಕೊಂಡು ಇರಬಲ್ಲವರು ಈ ಮನೆಗೆ ಒಬ್ಬರಾದರೂ ಬೇಕು, ಹೋಗಿ ಕೇಳು ಎಂದಿದ್ದರಂತೆ.

"ಏನು ಕೇಳೋಕೆ ಹೇಳಿದ್ರು?"

"ಇನ್ನೂ ನನ್ನ ಮದ್ವೆ ಆಗ್ತೀರಾ ಅಂತ."

"ಆಗ್ತೀನಿ."

ಅವನು ಉಸಿರು ಬಿಟ್ಟ. "ಮತ್ತೆ ಆ ಷೇರು?"

"ಅದನ್ನ ಮಾರಿ."

ವರದರಾಜರು ಮಾರಲಿಲ್ಲ. ಷೇರು ಇನ್ನೂ ಇಳಿಯಿತು. ಮಾಘದಲ್ಲಿ ಮದುವೆಯಾಯಿತು.