ಮೆಟ್ಟಿಲ ಮೇಲಿನ ಜಾಗ

"ಕ್ಯಾಮೆರಾ ಒಳಗಿಡಿ. ಇಲ್ಲಿ ಇನ್ನು ಫೋಟೋ ಬೇಡ."

ಚರ್ಚಿನ ಬಾಗಿಲಿಗೆ ಅಡ್ಡ ನಿಂತಿದ್ದ ಜ್ಞಾನಪ್ರಕಾಶನ ಮಾತಿಗೆ ಸುಚೇತಾ ಮೆಟ್ಟಿಲ ಬುಡದಲ್ಲೇ ನಿಂತಳು. ಮೂರು ವಾರದಿಂದ ಅವನು ಫೋನ್ ಎತ್ತಿರಲಿಲ್ಲ. ಈಗ 'ನೀನು' ಹೋಗಿ 'ನೀವು' ಬಂದಿತ್ತು...

ಅವಳು ನಂಜನಗೂಡಿನ ಅರ್ಚಕರ ಮನೆ ಮಗಳು, ಪಕ್ಕದ ತಾಂಡ್ಯ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿ ಲ್ಯಾಬಿನಲ್ಲಿ ಕೆಲಸ. ಭಾನುವಾರ ಬಂತೆಂದರೆ ಸ್ಕೂಟರ್ ಹತ್ತಿ ಹಳ್ಳಿ ಹಳ್ಳಿಯ ಹಳೇ ಚರ್ಚುಗಳ ಫೋಟೋ ತೆಗೆಯುವ ಹುಚ್ಚು. ಟಿ. ನರಸೀಪುರದಾಚೆಯ ಈ ಹೆಂಚಿನ ಚರ್ಚಿಗೆ ಬಂದಾಗಲೇ ಪ್ರಕಾಶ ಸಿಕ್ಕಿದ್ದು, ಮನಸ್ಸು ಕೊಟ್ಟದ್ದು. ತನ್ನ ಮನೆಯವರು ಒಪ್ಪುವುದಿಲ್ಲವೆಂದು ಹೆದರಿದ್ದಳು. ಮುನಿಸು ಇಲ್ಲಿಂದ ಶುರುವಾದೀತೆಂದು ಎಣಿಸಿರಲಿಲ್ಲ.

"ನಾನು ಮಾಡಿದ ತಪ್ಪಾದ್ರೂ ಹೇಳು, ಪ್ರಕಾಶ್."

"ಫ್ರೇಮ್ ಹಾಕ್ಸಿ ಈ ಚರ್ಚಿನ ಫೋಟೋ ಕೊಟ್ರಲ್ಲ, ಅದ್ರಲ್ಲಿ ಅವ್ವ ತನ್ನೇ ಹುಡುಕ್ತಾ ಕೂತಿದ್ಲು. ಮೂವತ್ತು ವರ್ಷದಿಂದ ಈ ಮೆಟ್ಲು ಗುಡಿಸ್ತಾ ಇರೋಳು. 'ಸ್ವಲ್ಪ ಪಕ್ಕಕ್ಕೆ ಹೋಗಿ' ಅಂದ್ರಂತೆ ಅವತ್ತು. ಹುಟ್ಟಿದಾಗಿಂದ ಮೇಲ್ಜಾತಿಯೋರ ಬಾಯಲ್ಲಿ ಅದೇ ಮಾತು ಕೇಳ್ಕೊಂಡು ಬಂದೋಳು ಕಣ್ರೀ ನಮ್ಮವ್ವ."

ಹಳೇ ಕಟ್ಟಡ ಅಂದರೆ ಕಟ್ಟಡ ಮಾತ್ರ ಕಾಣಬೇಕೆಂಬುದು ಸುಚೇತಾಳ ಹಟ. ಸೈಕಲ್ಲು, ಒಣಹಾಕಿದ ಬಟ್ಟೆ, ಮನುಷ್ಯರು, ಎಲ್ಲವನ್ನೂ ಒಂದೇ ಸಮನೆ ಸರಿಸುತ್ತಿದ್ದಳು. ತನ್ನ ಮನೆಯ ಹಿರಿಯರು ಆ ಮಾತನ್ನು ಯಾರಿಗೆ ಆಡುತ್ತ ಬಂದಿದ್ದರೆಂದು ಒಮ್ಮೆಯೂ ಯೋಚಿಸಿರಲಿಲ್ಲ! ನಾಚಿಕೆಯಿಂದ ಮುಖ ಉರಿಯಿತು.

ಚರ್ಚಿನ ಹಿಂದೆ ಕಸ ಸುರಿಯುತ್ತಿದ್ದ ಅವ್ವನ ಮುಂದೆ ಹೋಗಿ ನಿಂತಳು.

"ಅಮ್ಮಾ, ಹನ್ನೊಂದು ಚರ್ಚಿನ ಫೋಟೋ ತೆಗೆದಿದ್ದೀನಿ. ಒಂದರಲ್ಲೂ ಮನುಷ್ಯರಿಲ್ಲ. ಚೆನ್ನಾಗಿ ಕಾಣಲಿ ಅಂತ ಮಾಡಿದೆ. ನಿಮಗೆ ನೋಯುತ್ತೆ ಅಂತ ಹೊಳೀಲೇ ಇಲ್ಲ... ತಪ್ಪಾಯ್ತು."

ಅವ್ವ ಖಾಲಿ ಬುಟ್ಟಿ ಕೊಡವಿ ಕೆಳಗಿಟ್ಟಳು.

"ಗುಡ್ಸೋರು ಇಲ್ದಿದ್ರೆ ಆ ಚಂದ ಎಲ್ಲಿಂದ ಬತ್ತದವ್ವ?"

ಸುಚೇತಾಳ ಕಣ್ಣು ತುಂಬಿ ಬಂತು. ಅವ್ವ ಅದನ್ನು ನೋಡಿದಳು, ಪೊರಕೆ ಹಿಡಿದುಕೊಂಡೇ ಮುಂದಕ್ಕೆ ಬಂದು ಮೆಟ್ಟಿಲ ನಡುವೆ ಕೂತಳು. ಮಗನನ್ನೂ ಕರೆದು ಕೂರಿಸಿಕೊಂಡಳು.

"ಈಗ ತಗಿ."

ಸುಚೇತಾ ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾ ಕೂರಿಸಿದಳು. ಇವರಿಬ್ಬರ ಫೋಟೋ ಕೊಟ್ಟು ಹೊರಟುಬಿಡಬೇಕು, ಇನ್ನೇನು ಉಳಿದಿದೆ ಎಂದುಕೊಂಡಳು.

"ಲೇ ಪ್ರಕಾಸ, ಒಸಿ ಪಕ್ಕಕ್ಕೋಗು," ಎಂದಳು ಅವ್ವ.

ಆ ಮಾತಿಗೆ ಸುಚೇತಾ ಬೆಚ್ಚಿದಳು. ಅವ್ವ ಖಾಲಿಯಾದ ಜಾಗವನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಅವ್ಳೂ ಕೂತ್ಕೊಳ್ಲಿ."

ಟೈಮರ್ ಒತ್ತಿ ಸುಚೇತಾ ಓಡಿ ಬಂದು ಕೂತಳು.

"ಈ ಫೋಟೋ ನಿಮ್ಮಪ್ಪಂಗೆ ತೋರಿಸ್ತೀಯಾ?" ಪ್ರಕಾಶ ಮೆಲ್ಲಗೆ ಕೇಳಿದ.

"ಇವತ್ತೇ ತೋರಿಸ್ತೀನಿ. ಭಯ ಆಗ್ತಿದೆ... ಜೊತೆಗೆ ಬರ್ತೀಯಾ?"

"ಬತ್ತೀನಿ. ನೀನು ಮುಂದೆ ನೋಡು ಈಗ."