ಚಾಕಿ ಮನೆಯ ಬಿಳಿ ಗುರುತು

ಬಾಗಿಲು ತೆರೆದ ಕೂಡಲೇ ಬಿಸಿಗಾಳಿ ಪವಿತ್ರಳ ಮುಖಕ್ಕೆ ಹೊಡೆಯಿತು. ಕೋಣೆಯೊಳಗೆ ನಲವತ್ತೆರಡು ಡಿಗ್ರಿ. ಇರಬೇಕಾದದ್ದು ಇಪ್ಪತ್ತೆಂಟು. ಟ್ರೇಗಳಲ್ಲಿ ಹಿಪ್ಪುನೇರಳೆ ಸೊಪ್ಪು ಸುರುಟಿಕೊಂಡಿತ್ತು. ಅದರ ಮೇಲಿದ್ದ ರೇಷ್ಮೆ ಮರಿಹುಳುಗಳಲ್ಲಿ ಒಂದೂ ಅಲುಗುತ್ತಿರಲಿಲ್ಲ.

ಎಳೆಯ ರೇಷ್ಮೆಹುಳು ಸಾಕಿ ರೈತರಿಗೆ ಕೊಡುವ, ಸಾದಲಿ ಬಳಿಯ ಆ ಚಾಕಿ ಕೇಂದ್ರದಲ್ಲಿ ಅವತ್ತು ಮರಿಹುಳು ಹಂಚುವ ದಿನ. ರೈತರ ಟೆಂಪೊಗಳು ಆಗಲೇ ಗೇಟಿಗೆ ಬಂದಿದ್ದವು. ಉಳಿದಿದ್ದು ಎರಡನೇ ಕೋಣೆಯ ಹುಳು ಮಾತ್ರ.

*

ಸಬ್ ಇನ್ಸ್‌ಪೆಕ್ಟರ್ ಮಹತಿ ಬಂದಾಗ ಮಾಲೀಕ ರಮೇಶ್‌ಬಾಬು ಹೊಸ್ತಿಲಾಚೆ ನಿಂತು ಕೂಗಾಡುತ್ತಿದ್ದ. ಬಾಯಿ ತುಂಬ ಗುಟ್ಕಾ.

"ಒಳಗೆ ಹೋಗೋಣ ಬನ್ನಿ," ಎಂದಳು ಮಹತಿ.

"ನಂಗೆ ಪ್ರವೇಶ ಇಲ್ಲ ಮೇಡಂ. ತಂಬಾಕಿನ ವಾಸನೆಗೇ ಹುಳ ಸಾಯ್ತವೆ ಅಂತ ಗಂಗರಾಜಣ್ಣ ಹೊಸ್ತಿಲು ದಾಟಕ್ಕೆ ಬಿಡಲ್ಲ. ನೀವೇ ಹೋಗಿ ಸ್ಕ್ರೀನ್ ನೋಡಿ. ಅದನ್ನ ನೋಡ್ಕೊಳ್ಳೋ ಈ ಪವಿತ್ರನ ಹೆಸರೇ ಬರ್ತದೆ."

ಮಹತಿ ಒಳಗೆ ಕಾಲಿಡುವಷ್ಟರಲ್ಲಿ ಪವಿತ್ರ ತಡೆದಳು. "ಮೇಡಂ, ಕೈ." ಬಾಗಿಲ ಪಕ್ಕ ಬ್ಲೀಚಿಂಗ್ ನೀರಿನ ಬೇಸಿನ್ ಇತ್ತು. ಹುಳುವಿಗೆ ರೋಗ ತಾಗದಂತೆ ಕೈ ಅದ್ದಿಯೇ ಒಳಗೆ ಹೋಗಬೇಕು. ಸತ್ತ ಹುಳುಗಳ ಕೋಣೆಗೂ ಅದೇ ನಿಯಮ. ಮಹತಿ ಅದ್ದಿದಳು. ಗೋಡೆಯ ಮೇಲೆ ಶಾಖ ಹಿಡಿತದಲ್ಲಿಡುವ ಪ್ಯಾನೆಲ್‌ನ ಟಚ್‌ಸ್ಕ್ರೀನ್ ಒತ್ತಿದಳು. ಏನೂ ಆಗಲಿಲ್ಲ.

"ಒರೆಸ್ಕೊಳ್ಳಿ ಮೇಡಂ. ಒದ್ದೆ ಕೈ ಮಾತು ಅದು ಕೇಳಲ್ಲ." ಪ್ಯಾನೆಲ್‌ಗೆ ಕಟ್ಟಿದ್ದ ಬಟ್ಟೆಯನ್ನು ಪವಿತ್ರ ಕೊಟ್ಟಳು.

ಹಿಸ್ಟರಿ ತೆರೆಯಿತು. ನಸುಕಿನಲ್ಲಿ ಶಾಖದ ಮಿತಿ ಏರಿದೆ. ಏರಿಸಿದವರು: ಪವಿತ್ರ.

"ನಾನು ಮುಟ್ಟಿಲ್ಲ ಮೇಡಂ. ಅಮ್ಮನ ಆಣೆ. ಲಾಗಿನ್ ಯಾವಾಗ್ಲೂ ನನ್ನ ಹೆಸರಲ್ಲೇ ತೆರೆದಿರ್ತದೆ."

ಹೊರಗಿನಿಂದ ಯಾರೋ ಗೇಟು ಗುದ್ದಿದರು. ರಮೇಶ್‌ಬಾಬು ಒಳಗೆ ಇಣುಕಿದ. "ರೈತರು ಹೆಸರು ಕೇಳ್ತಾವ್ರೆ ಮೇಡಂ. ನೀವು ಇವಳನ್ನ ಜೀಪಿಗೆ ಹತ್ತಿಸ್ದೆ ಇದ್ರೆ ನಾನು ಹೇಳೋದು ಇವಳ ಹೆಸರೇ."

ಪವಿತ್ರ ಎರಡನೇ ಕೋಣೆಯ ಹುಳು ನೋಡಲು ನಡೆದಳು.

*

ಪ್ಯಾನೆಲ್ ಕೂರಿಸಿದ ವಂಶಿ ಗೌರಿಬಿದನೂರಿನಿಂದ ಬೈಕಿನಲ್ಲಿ ಬಂದ. ಸ್ಕ್ರೀನಿನ ಹಿಂದೆ ತಂತಿಗಳಿರುವ ಪೆಟ್ಟಿಗೆಯ ಕೀಲಿ ಅವನ ಬಳಿ ಇತ್ತು. ಹೋದ ತಿಂಗಳು ರಮೇಶ್‌ಬಾಬು ಜತೆ ಜಗಳವೂ ಆಡಿದ್ದ. ಅನುಮಾನಪಡಲು ಮಹತಿಗೆ ಅಷ್ಟು ಸಾಕಿತ್ತು.

"ಕೀಲಿ ಬೇರೆ ಯಾರ ಹತ್ರ ಇದೆ?"

"ಇನ್ನೊಂದು ಆಫೀಸಿನ ಮೊಳೇಲಿ ನೇತಾಡ್ತದೆ ಮೇಡಂ. ಯಾರು ಬೇಕಾದ್ರೂ ತಗೋಬಹುದು. ಅದಕ್ಕೇ ಜಗಳ ಆಡಿದ್ದು."

ಅಷ್ಟರಲ್ಲಿ ಎರಡನೇ ಕೋಣೆಯಿಂದ ಪವಿತ್ರ ಚೀರಿದಳು.

ಸ್ಕ್ರೀನಿನ ಮುಂದೆ ಯಾರೂ ಇರಲಿಲ್ಲ. ಶಾಖದ ಮಿತಿಯ ಅಂಕಿ ಮಾತ್ರ ಏರುತ್ತಿತ್ತು. ಇಪ್ಪತ್ತೊಂಬತ್ತು. ಮೂವತ್ತೊಂದು. ಮೂವತ್ತನಾಲ್ಕು. ಕಾಣದ ಬೆರಳೊಂದು ಒತ್ತುತ್ತಿರುವ ಹಾಗೆ.

"ಮೇನ್ ಆಫ್ ಮಾಡು!" ಮಹತಿ ಕೂಗಿದಳು.

ವಂಶಿ ಸ್ವಿಚ್ ಇಳಿಸಿದ. ಒಳಗೆ ನುಗ್ಗಿದ. ಹುಳು ನೋಡಿಕೊಳ್ಳುವ ಗಂಗರಾಜು ಗದರಿದ: "ಏಯ್, ಕೈ ಅದ್ದು ಕಣೋ!"

"ಒದ್ದೆ ಕೈ ಹಾಕಿ ಬೋರ್ಡ್ ಸುಡ್ಲಾ ಅಣ್ಣ? ನಿಂದು ಯಾವತ್ತೂ ಇದೇ ರಾಗ." ವಂಶಿ ಒಣ ಗ್ಲೌಸ್ ಹಾಕಿ ಪೆಟ್ಟಿಗೆ ತೆರೆದ. ತಂತಿಗಳ ತುದಿ ಹಸಿರಾಗಿತ್ತು. ಪೆಟ್ಟಿಗೆಯ ಬಾಗಿಲ ಅಂಚನ್ನು ಬೆರಳಿನಿಂದ ಸವರಿ ನೋಡಿದ. "ಕೆಳಗಡೆ ರಬ್ಬರ್ ಪಟ್ಟಿನೇ ಇಲ್ಲ. ಯಾರೋ ಕಿತ್ತವ್ರೆ. ರೋಗ ಬರ್ದಂಗೆ ಕೋಣೆಗೆ ಔಷಧಿ ಹೊಡೆದಾಗ ಕ್ಲೋರಿನ್ ಆವಿ ಸೀದಾ ಒಳಗೆ ಹೋಗ್ತದೆ. ಕನೆಕ್ಷನ್ ತುಕ್ಕು ಹಿಡಿದ್ರೆ ಸ್ಕ್ರೀನ್ ತನ್ನಷ್ಟಕ್ಕೆ ತಾನೇ ಒತ್ಕೊತದೆ."

ಮಹತಿ ಟಾರ್ಚ್ ಹಾಕಿದಳು. ಒಳಗಿನ ಸತುವಿನ ತಗಡಿನ ಮೇಲೆ ಬೂದಿಯಂಥ ಬಿಳಿ ಕಲೆಗಳು. ಒಟ್ಟು ನಾಲ್ಕು. ಪಕ್ಕಪಕ್ಕ.

ಬೆರಳುಗಳು.

*

ಮೊದಲ ಕೋಣೆಯ ಪೆಟ್ಟಿಗೆಯಲ್ಲೂ ಪಟ್ಟಿ ಇರಲಿಲ್ಲ. ಅದೇ ಕಲೆಗಳಿದ್ದವು. ಮಹತಿ ಎಲ್ಲರನ್ನೂ ಅಂಗಳಕ್ಕೆ ಕರೆದಳು.

"ಸ್ಕ್ರೀನ್ ತಾನೇ ಏರಿದ್ದನ್ನ ಎಲ್ಲರೂ ನೋಡಿದ್ದೀರಿ. ಹಿಸ್ಟರಿಯಲ್ಲಿರೋ ಹೆಸರಿಗೆ ಬೆಲೆ ಇಲ್ಲ. ಬ್ಲೀಚಿಂಗ್ ನೀರು ತಾಗಿದ ತಗಡು ಬಿಳಿ ಆಗುತ್ತೆ. ಪಟ್ಟಿ ಕಿತ್ತವರು ಬೇಸಿನ್ನಿಗೆ ಕೈ ಅದ್ದಿ ಒಳಗೆ ಬಂದವರು. ವಂಶಿ ಕೈ ಅದ್ದೋದೇ ಇಲ್ಲ. ರಮೇಶ್‌ಬಾಬು ಹೊಸ್ತಿಲು ದಾಟಲ್ಲ. ಪವಿತ್ರ ಅದ್ದುತ್ತಾಳೆ. ಆದರೆ ಸ್ಕ್ರೀನ್ ಬಳಸಿ ಬಳಸಿ, ಪ್ಯಾನೆಲ್ ಮುಟ್ಟೋ ಮೊದಲು ಒರೆಸ್ಕೊಳ್ಳೋದು ಅವಳಿಗೆ ಅಭ್ಯಾಸ. ಒಳಗೆ ಕೆಲಸ ಮಾಡೋರಲ್ಲಿ ಅದ್ದಿದ ಕೈ ಒರೆಸದೆ ಓಡಾಡೋರು ಇನ್ನೊಬ್ಬರೇ."

ಗಂಗರಾಜು ತನ್ನ ಕೈ ನೋಡಿಕೊಂಡ. ಇನ್ನೂ ಒದ್ದೆಯಿತ್ತು.

"ಕೋಣೆಗೆ ಔಷಧಿ ಹೊಡೆಯೋದೂ ನೀವೇ. ಹುಳ ಸಾಯಿಸೋ ಕೆಲಸಕ್ಕೆ ಹೊರಟಾಗ್ಲೂ ಹುಳಕ್ಕೆ ರೋಗ ತಾಗಬಾರದು ಅಂತ ಕೈ ಅದ್ದಿದ್ರಿ."

ಗಂಗರಾಜು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡ.

"ಸಾಯಿಸಕ್ಕಲ್ಲ ಮೇಡಂ. ಪೆಟ್ಟಿಗೆ ಕೆಟ್ಟು ಆಫಾಗ್ತದೆ, ಹಳೇ ಕಾಲದ ಹಾಗೆ ನನ್ನೇ ಕರೀತಾರೆ ಅಂದ್ಕೊಂಡೆ. ಅದು ಬಂದ ಮೇಲೆ ಶಾಖ ಸಾಲ್ತದಾ ಅಂತ ಯಾರೂ ನನ್ನ ಕೇಳ್ಲಿಲ್ಲ. ಅದು ಹಿಂಗೆ ಏರ್ತದೆ ಅಂತ ಗೊತ್ತಿರ್ಲಿಲ್ಲ."

"ಬೆಳಗ್ಗೆಯಿಂದ ನನ್ನ ಕಳ್ಳಿ ಥರ ನಿಲ್ಲಿಸಿದ್ರು," ಎಂದಳು ಪವಿತ್ರ. "ನೀನು ಪಕ್ಕದಲ್ಲೇ ನಿಂತು ನೋಡ್ತಿದ್ದೆ, ಅಣ್ಣ."

ಗಂಗರಾಜು ಜೀಪು ಹತ್ತುವಾಗ ಅವಳತ್ತ ತಿರುಗಿದ. "ಎರಡನೇ ಕೋಣೆ ಇನ್ನೂ ಬಿಸಿ ಇದೆ. ಗೋಣಿ ನೆನೆಸಿ ಕಿಟಕಿಗೆ ಕಟ್ಟಮ್ಮ. ಬೇಗ."

ಗೇಟಿನ ಬಳಿ ರಮೇಶ್‌ಬಾಬು ರೈತರಿಗೆ ಬೇರೆ ಹೆಸರು ಹೇಳುತ್ತಿದ್ದ. ಪವಿತ್ರ ಅತ್ತ ನೋಡಲಿಲ್ಲ. ನೆನೆದ ಗೋಣಿ ಹೆಗಲ ಮೇಲೆ ಹಾಕಿಕೊಂಡಳು. ಬಾಗಿಲಲ್ಲಿ ನಿಂತು ಬೇಸಿನ್ನಿಗೆ ಕೈ ಅದ್ದಿದಳು. ಒಳಗೆ ಹೋದಳು.